ಹಳೆಯ ಲಾರಿಯ ಆಯಿಲ್ ಪ್ರೆಷರ್ ಗೇಜ್: ದೋಷ ಗೇಜಿನದೋ, ಎಂಜಿನ್ನಿನದೋ ಎಂದು ಪತ್ತೆಹಚ್ಚುವ ಬಗೆ

ಹಳೆಯ ಲಾರಿಯ ಆಯಿಲ್ ಪ್ರೆಷರ್ ಗೇಜಿನ ಮುಳ್ಳು ಇದ್ದಕ್ಕಿದ್ದಂತೆ ಸೊನ್ನೆಗೆ ಇಳಿದಾಗ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ಗಾಡಿ ಹಳೆಯದು, ಗೇಜೂ ಕೆಟ್ಟಿರಬೇಕು ಎಂದುಕೊಂಡು ಓಡಿಸುತ್ತಲೇ ಹೋದವರು ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳನ್ನು ಸುಟ್ಟುಕೊಳ್ಳುತ್ತಾರೆ. ಮುಳ್ಳು ತೋರಿಸಿದ್ದನ್ನು ಹಾಗೆಯೇ ನಂಬಿದವರು ಸಂಪ್ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆ) ಇಳಿಸಿ, ಆಯಿಲ್ ಪಂಪ್ ಬದಲಿಸಿ, ಎಲ್ಲವನ್ನೂ ಮತ್ತೆ ಜೋಡಿಸಿದ ಮೇಲೂ ಮುಳ್ಳು ಸೊನ್ನೆಯಲ್ಲೇ ನಿಂತಿರುವುದನ್ನು ಕಂಡು, ಸೆಂಡರಿಗೆ (ಆಯಿಲ್‌ನ ಒತ್ತಡವನ್ನು ಗ್ರಹಿಸಿ ಗೇಜಿಗೆ ತಿಳಿಸುವ, ಎಂಜಿನ್ನಿನ ಮೇಲಿನ ಬಿಡಿಭಾಗಕ್ಕೆ) ಹೋಗುವ ವೈರ್ ಕಡಿದಿತ್ತೆಂದು ಆಮೇಲೆ ತಿಳಿದುಕೊಳ್ಳುತ್ತಾರೆ. ಎರಡಕ್ಕೂ ಕಾರಣ ಒಂದೇ: ಗೇಜ್ ಒತ್ತಡವನ್ನು ನೇರವಾಗಿ ತೋರಿಸುತ್ತದೆ ಎಂಬ ಭಾವನೆ. ವಿದ್ಯುತ್ತಿನಿಂದ ಕೆಲಸ ಮಾಡುವ ಗೇಜ್ ತೋರಿಸುವುದು ತನ್ನ ಮೂಲಕ ಹರಿಯುವ ಕರೆಂಟನ್ನು ಮಾತ್ರ. ಆ ಕರೆಂಟಿಗೂ ಎಂಜಿನ್ನಿನ ಒಳಗಿನ ಆಯಿಲ್‌ಗೂ ನಡುವೆ ಒಂದು ಸೆಂಡರ್, ಒಂದು ವೈರ್, ಎರಡು ಮೂರು ಕನೆಕ್ಟರ್, ಒಂದು ಫ್ಯೂಸ್ ಮತ್ತು ಅರ್ಥ್ (ಕರೆಂಟು ಗಾಡಿಯ ಲೋಹದ ಮೂಲಕ ಬ್ಯಾಟರಿಗೆ ಮರಳುವ ದಾರಿ) ಇರುತ್ತವೆ. ಆದ್ದರಿಂದ ಬೇರೊಂದು ಗೇಜಿನಿಂದ ಒತ್ತಡವನ್ನು ನೇರವಾಗಿ ಅಳೆಯುವವರೆಗೆ ಮುಳ್ಳಿನ ಮಾತನ್ನು ಪೂರ್ತಿ ನಂಬಲೂ ಬಾರದು, ತಳ್ಳಿಹಾಕಲೂ ಬಾರದು. ಎಂಜಿನ್ ಬಿಚ್ಚುವ ಮೊದಲೂ, ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲೂ ಈ ಅಳತೆ ಆಗಬೇಕು.

ಮುಳ್ಳು ಬಿದ್ದ ಗಳಿಗೆಯಲ್ಲಿ

ಗಾಡಿ ಓಡುತ್ತಿರುವಾಗ ಮುಳ್ಳು ಬಿದ್ದರೆ ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಕಾರಣವನ್ನು ಆಮೇಲೆ ಹುಡುಕಬಹುದು. ಒತ್ತಡ ನಿಜವಾಗಿಯೂ ಹೋಗಿದ್ದರೆ ಬೇರಿಂಗಿನ ಮೇಲಿನ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ತಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸಮತಟ್ಟಾದ ನೆಲದಲ್ಲಿ ಐದರಿಂದ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟದ ಜೊತೆಗೆ ಆಯಿಲ್‌ನ ಸ್ಥಿತಿಯನ್ನೂ ಗಮನಿಸಬೇಕು. ಡೀಸೆಲ್ ಅಥವಾ ಪೆಟ್ರೋಲ್ ವಾಸನೆ ಬಂದು ಮಟ್ಟ ಮೊದಲಿಗಿಂತ ಏರಿದ್ದರೆ ಇಂಧನ ಸೇರಿ ಆಯಿಲ್ ತೆಳುವಾಗಿದೆ ಎಂದರ್ಥ. ಹಾಲು ಬೆರೆಸಿದಂತಹ ಬಣ್ಣ ಕಂಡರೆ ರೇಡಿಯೇಟರ್ ನೀರು ಒಳಗೆ ಸೇರುತ್ತಿದೆ. ಫಿಲ್ಟರ್, ಸೆಂಡರ್ ಮತ್ತು ಡ್ರೈನ್ ಪ್ಲಗ್ ಸುತ್ತ ಸೋರಿಕೆ ಇದೆಯೇ ಎಂದೂ ನೋಡಿ. ನಿಲ್ಲಿಸುವ ಮುಂಚೆ ಎಂಜಿನ್ನಿನ ಕೆಳಭಾಗದಿಂದ ಕುಟ್ಟುವ ಸದ್ದು ಕೇಳಿಬಂದಿದ್ದರೆ, ಅಥವಾ ಟ್ಯಾಪೆಟ್ ಸದ್ದು ಎಂದಿಗಿಂತ ಜೋರಾಗಿದ್ದರೆ, ಮತ್ತೆ ಸ್ಟಾರ್ಟ್ ಮಾಡದೆ ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಸರಿ. ಸದ್ದು ಬಾರದಿರುವುದು ಒಳ್ಳೆಯ ಸೂಚನೆ, ಆದರೆ ಒತ್ತಡ ಸರಿಯಿದೆ ಎಂಬುದಕ್ಕೆ ಅದು ಪುರಾವೆಯಲ್ಲ.

ವಾರ್ನಿಂಗ್ ಲ್ಯಾಂಪ್ ಬೇರೆಯಾಗಿ ಇರುವ ಗಾಡಿಗಳಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಕೀ ಆನ್ ಮಾಡಿದಾಗ ಲ್ಯಾಂಪ್ ಉರಿದು, ಎಂಜಿನ್ ಸ್ಟಾರ್ಟ್ ಆದಾಗ ಆರಿದರೆ ಆ ಲ್ಯಾಂಪಿನ ಸ್ವಿಚ್ ಕೆಲಸ ಮಾಡುತ್ತಿದೆ. ಆದರೆ ಇಂತಹ ಸ್ವಿಚ್‌ಗಳು ಸಾಮಾನ್ಯವಾಗಿ ಒತ್ತಡ 4ರಿಂದ 7 ಪಿಎಸ್‌ಐಗಿಂತ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಮಾನ) ಕೆಳಗಿಳಿದಾಗ ಮಾತ್ರ ಲ್ಯಾಂಪ್ ಉರಿಸುತ್ತವೆ. ಹೆದ್ದಾರಿಯ ವೇಗದಲ್ಲಿ 40 ಪಿಎಸ್‌ಐ ಇರಬೇಕಾದ ಎಂಜಿನ್ನಿನಲ್ಲಿ 10 ಇದ್ದರೂ ಲ್ಯಾಂಪ್ ಆರಿಯೇ ಇರುತ್ತದೆ. ಹೀಗಾಗಿ ಲ್ಯಾಂಪ್ ಆರಿರುವುದನ್ನು ನೆಚ್ಚಿಕೊಂಡು ಪ್ರಯಾಣ ಮುಂದುವರಿಸುವುದು ನನಗೆ ಒಪ್ಪಿಗೆಯಿಲ್ಲ.

ಎಷ್ಟು ಒತ್ತಡ ಇರಬೇಕು

ಆಯಿಲ್ ಪಂಪ್ ಒತ್ತಡವನ್ನು ತಾನಾಗಿ ಹುಟ್ಟಿಸುವುದಿಲ್ಲ, ಆಯಿಲ್ ಅನ್ನು ತಳ್ಳುತ್ತದೆ ಅಷ್ಟೇ. ಬೇರಿಂಗುಗಳ ಕಿರಿದಾದ ಸಂದುಗಳು ಆ ಹರಿವಿಗೆ ಒಡ್ಡುವ ಅಡ್ಡಿಯೇ ಒತ್ತಡವಾಗಿ ಕಾಣುತ್ತದೆ. ಆದ್ದರಿಂದ ತಣ್ಣನೆಯ ಎಂಜಿನ್ನಿನಲ್ಲಿ, ಆಯಿಲ್ ದಪ್ಪಗಿರುವಾಗ, ಮುಳ್ಳು ಮೇಲಿರುತ್ತದೆ. ಚೆನ್ನಾಗಿ ಕಾದ ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಧಾನವಾಗಿ) ಓಡುವಾಗ ಕೆಳಗಿಳಿಯುತ್ತದೆ. ಇದು ಸಹಜ. ವೇಗ ಏರಿದಂತೆ ಒತ್ತಡವೂ ಏರಿ, ಹೆಚ್ಚಿನ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದುಕೊಳ್ಳುವ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಪ್ರತಿ 1000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಕನಿಷ್ಠ 10 ಪಿಎಸ್‌ಐ ಇರಬೇಕು ಎಂಬುದು ಮೆಕ್ಯಾನಿಕ್‌ಗಳ ನಡುವೆ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ಹಲವು ಹಳೆಯ ಎಂಜಿನ್‌ಗಳು ಕಾದ ಮೇಲೆ ಐಡಲ್‌ನಲ್ಲಿ 10ರಿಂದ 20 ಪಿಎಸ್‌ಐ, ಓಡುವಾಗ 40ರಿಂದ 60 ಪಿಎಸ್‌ಐ ತೋರಿಸುತ್ತವೆ. ಆದರೂ ತೀರ್ಮಾನಕ್ಕೆ ಆಧಾರವಾಗಬೇಕಾದುದು ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಕೊಡುವ ಅಂಕಿಯೇ.

ಅಂಕಿಗಳನ್ನು ಹೋಲಿಸುವಾಗ ಅಳತೆಯ ಮಾನ ಯಾವುದೆಂದು ನೋಡಿಕೊಳ್ಳಿ. 1 ಬಾರ್ ಎಂದರೆ 14.5 ಪಿಎಸ್‌ಐ, ಅಂದರೆ 100 ಕಿಲೋಪ್ಯಾಸ್ಕಲ್. ಒಂದು ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಎಂದರೆ ಸುಮಾರು 14.2 ಪಿಎಸ್‌ಐ. ಗೇಜಿನಲ್ಲಿ 3 ಎಂದು ಕಂಡರೆ ಅದು ಸುಮಾರು 43 ಪಿಎಸ್‌ಐ ಇರಬಹುದು, ಆಗ ಆತಂಕಕ್ಕೆ ಕಾರಣವಿಲ್ಲ.

ನಿಮ್ಮ ಗಾಡಿಯ ಗೇಜ್ ಯಾವ ಬಗೆಯದು

ಪತ್ತೆಯ ದಾರಿ ಇಲ್ಲಿಂದ ಕವಲೊಡೆಯುವುದರಿಂದ ಇದನ್ನು ಮೊದಲೇ ತಿಳಿದಿರಬೇಕು. ಗೇಜಿನ ಹಿಂಭಾಗಕ್ಕೆ ತಾಮ್ರದ ಅಥವಾ ನೈಲಾನಿನ ಸಣ್ಣ ಕೊಳವೆ ಬಂದು ಸೇರಿದ್ದರೆ ಅದು ಮೆಕ್ಯಾನಿಕಲ್ ಗೇಜ್. 1849ರಲ್ಲಿ ಯೂಜೀನ್ ಬೂರ್ದೋನ್ ಪೇಟೆಂಟ್ ಪಡೆದ ಬಾಗಿದ ಕೊಳವೆಯೇ ಇಂತಹ ಗೇಜಿನೊಳಗೆ ಈಗಲೂ ಇರುತ್ತದೆ: ಒತ್ತಡ ಏರಿದಂತೆ ಕೊಳವೆ ನೇರವಾಗಲು ಯತ್ನಿಸಿ ಮುಳ್ಳನ್ನು ತಿರುಗಿಸುತ್ತದೆ. ಇದರಲ್ಲಿ ಕೆಡುವ ಸಂಗತಿಗಳು ಕೆಲವೇ. ಕೊಳವೆ ಮಡಚಿಕೊಂಡಿರುತ್ತದೆ, ಮಡ್ಡಿ ಕಟ್ಟಿರುತ್ತದೆ, ಕೀಲುಗಳಲ್ಲಿ ಸೋರುತ್ತದೆ, ಇಲ್ಲವೇ ಮುಳ್ಳು ತನ್ನ ದಂಡದ ಮೇಲೆ ಜಾರಿರುತ್ತದೆ. ಎಂಜಿನ್ ನಿಂತಾಗಲೂ ಮುಳ್ಳು ಸೊನ್ನೆಗೆ ಬಾರದಿದ್ದರೆ, ಕೊಳವೆಯನ್ನು ಗೇಜಿನಿಂದ ಬಿಚ್ಚಿ ನೋಡಿ. ಆಗಲೂ ಇಳಿಯದಿದ್ದರೆ ಗೇಜೇ ಕೆಟ್ಟಿದೆ, ಇಳಿದರೆ ಕೊಳವೆ ಕಟ್ಟಿಕೊಂಡಿದೆ. ಕ್ಯಾಬಿನ್ ಒಳಗೆ ಬಂದಿರುವ ಈ ಕೊಳವೆ ಒಡೆದರೆ ಬಿಸಿ ಆಯಿಲ್ ಚಾಲಕನ ಕಾಲಿನ ಮೇಲೆ ಚಿಮ್ಮುತ್ತದೆ. ಆದ್ದರಿಂದ ಬಿರುಕುಬಿಟ್ಟ ನೈಲಾನ್ ಕೊಳವೆಯನ್ನು ಕಂಡ ದಿನವೇ ಬದಲಿಸಬೇಕು.

ಹಿಂಭಾಗದಲ್ಲಿ ವೈರ್‌ಗಳು ಮಾತ್ರ ಇದ್ದರೆ ಅದು ಎಲೆಕ್ಟ್ರಿಕಲ್ ಗೇಜ್, ಇದರಲ್ಲಿ ಎರಡು ಕುಲಗಳಿವೆ. ಬೈಮೆಟಲ್ ಗೇಜಿನಲ್ಲಿ ಕರೆಂಟಿನಿಂದ ಕಾದ ಲೋಹದ ಪಟ್ಟಿ ಬಾಗಿ ಮುಳ್ಳನ್ನು ನಿಧಾನವಾಗಿ ಎಳೆಯುತ್ತದೆ. ಮ್ಯಾಗ್ನೆಟಿಕ್ ಗೇಜಿನಲ್ಲಿ ತಂತಿಸುರುಳಿಗಳ ಕಾಂತಬಲ ಮುಳ್ಳನ್ನು ತಟ್ಟನೆ ತಿರುಗಿಸುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿದಾಗ ಮುಳ್ಳು ಕೆಲವು ಸೆಕೆಂಡ್ ತೆಗೆದುಕೊಂಡು ಏರುತ್ತದೆಯೋ ಅಥವಾ ಒಮ್ಮೆಲೇ ನೆಗೆಯುತ್ತದೆಯೋ ಎಂಬುದರಿಂದಲೇ ಕುಲವನ್ನು ಬಹುಮಟ್ಟಿಗೆ ಗುರುತಿಸಬಹುದು. ಇಷ್ಟಲ್ಲದೆ, ಕೆಲವು ಗಾಡಿಗಳಲ್ಲಿ ಸೆಂಡರಿನ ಬದಲು ಬರಿಯ ಆನ್-ಆಫ್ ಸ್ವಿಚ್ ಇಟ್ಟು, ಒತ್ತಡ ಕೆಲವು ಪಿಎಸ್‌ಐ ದಾಟಿದ ಕೂಡಲೇ ಮುಳ್ಳು ಸದಾ ನಡುವೆ ನಿಲ್ಲುವಂತೆ ಮಾಡಿರುತ್ತಾರೆ. ವೇಗ, ಬಿಸಿ ಯಾವುದಕ್ಕೂ ಅಲುಗದೆ ಮುಳ್ಳು ಒಂದೇ ಕಡೆ ನಿಂತಿದ್ದರೆ ಈ ಸಾಧ್ಯತೆಯನ್ನು ನೆನಪಿಡಿ. ಅದನ್ನು ಗೇಜ್ ಎಂದು ನಂಬುವುದು ಅಪಾಯಕರವೆಂದೇ ನಾನು ತಿಳಿಯುತ್ತೇನೆ, ಏಕೆಂದರೆ ಅದು ಗೇಜಿನ ರೂಪದಲ್ಲಿರುವ ವಾರ್ನಿಂಗ್ ಲ್ಯಾಂಪ್.

ಮುಳ್ಳಿನ ನಡತೆಯಿಂದ ಸಿಗುವ ಸುಳಿವುಗಳು

ಉಪಕರಣ ಕೈಗೆತ್ತಿಕೊಳ್ಳುವ ಮುನ್ನ ಮುಳ್ಳು ಯಾವಾಗ, ಹೇಗೆ ತಪ್ಪು ತೋರಿಸುತ್ತದೆ ಎಂದು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಹಗುರವಾಗುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಮುಳ್ಳು ಮೇಲಿಂದ ಸೊನ್ನೆಗೂ ಸೊನ್ನೆಯಿಂದ ಮೇಲಕ್ಕೂ ಪಟಪಟನೆ ಜಿಗಿದರೆ ಅದು ಸಡಿಲವಾದ ಕನೆಕ್ಟರ್ ಅಥವಾ ಚರ್ಮ ಸುಲಿದ ವೈರಿನ ಲಕ್ಷಣ. ಆಯಿಲ್‌ನ ಒತ್ತಡ ಹಾಗೆ ಕ್ಷಣಕ್ಷಣಕ್ಕೂ ಏರಿಳಿಯುವುದು ಅಪರೂಪ. ಬ್ರೇಕ್ ಹಾಕಿದಾಗ ಅಥವಾ ತಿರುವಿನಲ್ಲಿ ಮಾತ್ರ ಇಳಿದು, ನೇರ ರಸ್ತೆಗೆ ಬಂದಾಗ ಚೇತರಿಸಿಕೊಂಡರೆ ಅದನ್ನು ನಿಜವಾದ ಒತ್ತಡದ ಕೊರತೆಯೆಂದೇ ಭಾವಿಸಬೇಕು: ಸಂಪಿನಲ್ಲಿ ಆಯಿಲ್ ಕಡಿಮೆಯಾಗಿ ಪಂಪಿಗೆ ಆಯಿಲ್ ಹೀರುವ ಬಾಯಿಯ ಜರಡಿ (ಸ್ಟ್ರೈನರ್) ಗಾಳಿ ಎಳೆಯುತ್ತಿದೆ. ಹೆಡ್‌ಲೈಟ್ ಅಥವಾ ವೈಪರ್ ಹಾಕಿದಾಗ ಮುಳ್ಳು ಜರುಗಿದರೆ ಮೀಟರ್ ಬೋರ್ಡಿನ ಅರ್ಥ್ ಅಥವಾ ಸಪ್ಲೈ ಸರಿಯಿಲ್ಲ. ಆಯಿಲ್, ಡೀಸೆಲ್, ಟೆಂಪರೇಚರ್ ಗೇಜ್‌ಗಳೆಲ್ಲ ಒಟ್ಟಿಗೆ ಕಡಿಮೆ ಅಥವಾ ಒಟ್ಟಿಗೆ ಹೆಚ್ಚು ತೋರಿಸಿದರೆ ಸೆಂಡರನ್ನು ಮುಟ್ಟುವ ಅಗತ್ಯವೇ ಇಲ್ಲ, ಏಕೆಂದರೆ ಮೂರಕ್ಕೂ ಸೇರಿದಂತೆ ಇರುವ ವೋಲ್ಟೇಜ್ ರೆಗ್ಯುಲೇಟರ್ ಅಥವಾ ಅದರ ಅರ್ಥ್ ಕೆಟ್ಟಿರುವ ಸಂಭವವೇ ಹೆಚ್ಚು. ಎಂಜಿನ್ ರೇಸ್ ಮಾಡಿದ ಎಷ್ಟೋ ಹೊತ್ತಿನ ಮೇಲೆ ಮುಳ್ಳು ಸೋಮಾರಿಯಂತೆ ಏರಿದರೆ ಸೆಂಡರಿನ ಸೂಕ್ಷ್ಮ ರಂಧ್ರದಲ್ಲಿ ಮಡ್ಡಿ ಕಟ್ಟಿದೆ.

ನೇರ ಅಳತೆ

ಇದಕ್ಕೆ ಬೇಕಾದುದು 0ರಿಂದ 100 ಪಿಎಸ್‌ಐವರೆಗಿನ ಮೆಕ್ಯಾನಿಕಲ್ ಟೆಸ್ಟ್ ಗೇಜ್, ಆಯಿಲ್ ಒತ್ತಡಕ್ಕೆ ತಕ್ಕ ಹೋಸ್ ಮತ್ತು ಸರಿಯಾದ ಅಡಾಪ್ಟರ್. ಅಡಾಪ್ಟರಿನ ವಿಷಯದಲ್ಲಿ ಅವಸರ ಬೇಡ. ಸೆಂಡರುಗಳಲ್ಲಿ ಬಹಳವಾಗಿ ಕಾಣುವ 1/8 ಎನ್‌ಪಿಟಿ (ಅಮೆರಿಕನ್ ಪೈಪ್ ಮಾನದ) ಥ್ರೆಡ್ ಇಂಚಿಗೆ 27 ಸುತ್ತಿನದು, 1/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಮಾನದ) ಥ್ರೆಡ್ 28 ಸುತ್ತಿನದು. ಎರಡೂ ಕಣ್ಣಿಗೆ ಒಂದೇ ರೀತಿ ಕಾಣುವುದರಿಂದ, ಒಂದನ್ನು ಇನ್ನೊಂದರೊಳಗೆ ಬಲವಂತವಾಗಿ ತಿರುಗಿಸಿ ಬ್ಲಾಕಿನ ಥ್ರೆಡ್ ಹಾಳುಮಾಡಿಕೊಂಡರೆ ಗೇಜಿನ ಸಣ್ಣ ಕೆಲಸ ದೊಡ್ಡ ರಿಪೇರಿಯಾಗಿ ಬೆಳೆಯುತ್ತದೆ. ಮೊದಲ ಎರಡು ಮೂರು ಸುತ್ತು ಬೆರಳಿನಲ್ಲೇ ಸಲೀಸಾಗಿ ಹೋಗಬೇಕು.

ಗಾಡಿಯನ್ನು ಸಮತಟ್ಟಾದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ತಂದು, ಚಕ್ರಗಳಿಗೆ ಅಡೆ ಇಡಿ. ಎಂಜಿನ್ ನಿಂತಿರುವಾಗಲೇ, ಮುಟ್ಟುವಷ್ಟು ತಣಿದ ಮೇಲೆ, ಸೆಂಡರಿನ ವೈರ್ ತೆಗೆದು ಸೆಂಡರ್ ಬಿಚ್ಚಬೇಕು. ಅದು ಸಾಮಾನ್ಯವಾಗಿ ಆಯಿಲ್ ಫಿಲ್ಟರ್ ಹತ್ತಿರ ಅಥವಾ ಬ್ಲಾಕಿನ ಹಿಂಬದಿಯಲ್ಲಿ ಮುಖ್ಯ ಆಯಿಲ್ ಗ್ಯಾಲರಿಯ (ಬ್ಲಾಕಿನೊಳಗಿನ ಆಯಿಲ್ ನಾಳದ) ಮೇಲೆ ಇರುತ್ತದೆ. ಟೆಸ್ಟ್ ಗೇಜಿನ ಹೋಸನ್ನು ಫ್ಯಾನ್, ಬೆಲ್ಟ್ ಮತ್ತು ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ, ಎಂಜಿನ್ ಸ್ಟಾರ್ಟ್ ಮಾಡಿ. ಕೆಲವು ಸೆಕೆಂಡುಗಳಲ್ಲಿ ಒತ್ತಡ ಏಳದಿದ್ದರೆ ತಕ್ಷಣ ಆಫ್ ಮಾಡಬೇಕು. ಎದ್ದರೆ, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು, ಎಂಜಿನ್ ಪೂರ್ತಿ ಕಾಯುವವರೆಗೆ ಓಡಲು ಬಿಡಿ. ರೇಡಿಯೇಟರ್ ನೀರು ಕಾದ ಮಾತ್ರಕ್ಕೆ ಆಯಿಲ್ ಕಾದಿರುವುದಿಲ್ಲ. ಅದು ನೀರಿಗಿಂತ ತಡವಾಗಿ ಬಿಸಿಯಾಗುತ್ತದೆ, ಆದ್ದರಿಂದ ಇಪ್ಪತ್ತು ನಿಮಿಷವಾದರೂ ಕೊಡಬೇಕು. ಆಮೇಲೆ ಐಡಲ್‌ನಲ್ಲಿ ಒಮ್ಮೆ, 2000 ಆರ್‌ಪಿಎಂನಲ್ಲಿ ಒಮ್ಮೆ ಅಂಕಿ ಬರೆದುಕೊಂಡು ಮ್ಯಾನ್ಯುಯಲ್ ಜೊತೆ ಹೋಲಿಸಿ. ರಾಕರ್ ಕವರ್ ಬಿಚ್ಚಿ ಮೇಲೆ ಆಯಿಲ್ ಬರುತ್ತಿದೆ ಎಂದು ನೋಡಿ ಸಮಾಧಾನಪಡುವವರಿದ್ದಾರೆ, ಆದರೆ ಅದು ಹರಿವಿಗೆ ಸಾಕ್ಷಿಯೇ ಹೊರತು ಒತ್ತಡಕ್ಕೆ ಅಲ್ಲ.

ಟೆಸ್ಟ್ ಗೇಜ್ ಸಹ ಕಡಿಮೆ ತೋರಿಸಿದರೆ ಗಾಡಿಯ ಗೇಜ್ ಸತ್ಯವನ್ನೇ ಹೇಳುತ್ತಿತ್ತು. ಆಗ ಅಗ್ಗದ ಕಾರಣಗಳಿಂದ ಹುಡುಕಾಟ ಶುರುವಾಗಲಿ: ಆಯಿಲ್‌ನ ಮಟ್ಟ, ತಪ್ಪು ಗ್ರೇಡ್, ಇಂಧನ ಬೆರೆತಿರುವುದು, ರಿಲೀಫ್ ವಾಲ್ವ್ ಕಸದಿಂದ ತೆರೆದೇ ಉಳಿದಿರುವುದು. ಅವು ಸರಿಯಿದ್ದರೆ ಸಂಪ್ ಇಳಿಸಿ ಸ್ಟ್ರೈನರ್, ಅದರ ಪೈಪಿನ ಬಿರುಕು, ಪಂಪಿನ ಗೇರುಗಳ ಸವೆತ, ಕೊನೆಗೆ ಮೇನ್ ಮತ್ತು ಕನೆಕ್ಟಿಂಗ್ ರಾಡ್ ಬೇರಿಂಗುಗಳನ್ನು ನೋಡಬೇಕಾಗುತ್ತದೆ. ಐಡಲ್‌ನಲ್ಲಿ ಕಡಿಮೆಯಿದ್ದು ವೇಗಕ್ಕೆ ಸರಿಹೋದರೆ ಬೇರಿಂಗ್ ಸವೆತದ ಕಡೆಗೂ, ಐಡಲ್‌ನಲ್ಲಿ ಸರಿಯಿದ್ದು ವೇಗ ಏರಿದಾಗ ಕುಸಿದರೆ ಸ್ಟ್ರೈನರ್ ಕಟ್ಟಿಕೊಂಡಿರುವ ಕಡೆಗೂ ಅನುಮಾನ ವಾಲುತ್ತದೆ. ತೆಳು ಆಯಿಲ್ ತೆಗೆದು ದಪ್ಪ ಆಯಿಲ್ ತುಂಬಿ ಮುಳ್ಳನ್ನು ಮೇಲೇರಿಸುವ ರೂಢಿ ರೋಗವನ್ನು ಮರೆಸುತ್ತದೆ, ವಾಸಿ ಮಾಡುವುದಿಲ್ಲ.

ಒತ್ತಡ ಸರಿಯಿದೆ, ಗೇಜ್ ಸುಳ್ಳು ಹೇಳುತ್ತಿದೆ

ಇಲ್ಲಿಂದ ಮುಂದಿನದು ವೈರಿಂಗ್ ಕೆಲಸ, ಮತ್ತು ಇಲ್ಲಿಯೇ ಅತಿ ಹೆಚ್ಚು ಗೊಂದಲವಾಗುತ್ತದೆ. ಸೆಂಡರಿನ ವೈರ್ ಬಿಚ್ಚಿ ಅರ್ಥ್‌ಗೆ ತಾಗಿಸಿದರೆ ಮುಳ್ಳು ಪೂರ್ತಿ ಏರಬೇಕು ಎಂಬ ಮಾತನ್ನು ಎಲ್ಲ ಗಾಡಿಗಳಿಗೂ ಅನ್ವಯಿಸುವುದೇ ಇದಕ್ಕೆ ಕಾರಣ. ಸೆಂಡರ್ ಎಂದರೆ ಒತ್ತಡಕ್ಕೆ ತಕ್ಕಂತೆ ಬದಲಾಗುವ ರೆಸಿಸ್ಟೆನ್ಸ್, ಆದರೆ ಎಲ್ಲ ತಯಾರಕರೂ ಅದನ್ನು ಒಂದೇ ದಿಕ್ಕಿನಲ್ಲಿ ಬದಲಾಗುವಂತೆ ಮಾಡಿಲ್ಲ. ಸ್ಟೀವರ್ಟ್ ವಾರ್ನರ್ ಮಾದರಿಯಲ್ಲಿ ಸೊನ್ನೆ ಒತ್ತಡಕ್ಕೆ 240 ಓಮ್, ಪೂರ್ಣ ಒತ್ತಡಕ್ಕೆ 33 ಓಮ್. ಹಳೆಯ ಫೋರ್ಡ್ ಬೈಮೆಟಲ್ ಗೇಜ್‌ಗಳಲ್ಲಿ ಸುಮಾರು 73ರಿಂದ 10 ಓಮ್‌ಗೆ ಇಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ ವಿಡಿಒ ಮಾದರಿಯಲ್ಲಿ ಸುಮಾರು 10ರಿಂದ 180 ಓಮ್‌ಗೂ, ಜನರಲ್ ಮೋಟರ್ಸ್‌ನ ಹಳೆಯ ಗಾಡಿಗಳಲ್ಲಿ ಸೊನ್ನೆಯ ಆಸುಪಾಸಿನಿಂದ 90 ಓಮ್‌ಗೂ ಏರುತ್ತದೆ. ಹೀಗಾಗಿ ಕಡಿದ ವೈರ್ ಮೊದಲಿನ ಎರಡು ಬಗೆಗಳಲ್ಲಿ ಮುಳ್ಳನ್ನು ಸೊನ್ನೆಗೆ ಬೀಳಿಸುತ್ತದೆ, ಕೊನೆಯ ಎರಡರಲ್ಲಿ ಅದೇ ಕಡಿದ ವೈರ್ ಮುಳ್ಳನ್ನು ಗರಿಷ್ಠದ ಆಚೆಗೆ ತಳ್ಳುತ್ತದೆ; ವೈರ್ ಎಲ್ಲಾದರೂ ಚಾಸಿಗೆ ತಾಗಿ ಶಾರ್ಟ್ ಆದಾಗ ಫಲ ಅದಲುಬದಲಾಗುತ್ತದೆ. ನಿಮ್ಮ ಗಾಡಿ ಯಾವ ಗುಂಪಿನದೆಂದು ತಿಳಿಯದೆ ಮಾಡಿದ ಪರೀಕ್ಷೆಯಿಂದ ಒಳ್ಳೆಯ ಗೇಜನ್ನು ಎಸೆಯುವ ತೀರ್ಮಾನವೂ ಹೊರಡಬಹುದು.

ಸೆಂಡರ್ ಯಾವ ದಿಕ್ಕಿನದೆಂದು ತಿಳಿಯಲು ಮಲ್ಟಿಮೀಟರ್ ಸಾಕು. ಸೆಂಡರನ್ನು ಮತ್ತೆ ಬ್ಲಾಕಿಗೆ ಕೂರಿಸಿ (ಒಂದೇ ತೂತಿಗೆ ಎರಡನ್ನೂ ಜೋಡಿಸುವ ಟಿ-ಅಡಾಪ್ಟರ್ ಇದ್ದರೆ ಟೆಸ್ಟ್ ಗೇಜ್ ಜೊತೆಯಲ್ಲೇ), ಅದರ ವೈರನ್ನು ತೆಗೆದು, ಟರ್ಮಿನಲ್ ಮತ್ತು ಬಾಡಿ ನಡುವಿನ ಓಮ್ ಅಳೆಯಿರಿ. ಮೊದಲು ಎಂಜಿನ್ ನಿಂತಿರುವಾಗ, ಆಮೇಲೆ ಐಡಲ್‌ನಲ್ಲಿ, ಆಮೇಲೆ ವೇಗ ಏರಿಸಿ ನೋಡಬೇಕು. ಅಂಕಿ ಒಂದೇ ದಿಕ್ಕಿನಲ್ಲಿ ನಯವಾಗಿ ಬದಲಾದರೆ ಸೆಂಡರ್ ಆರೋಗ್ಯವಾಗಿದೆ. ನಡುವೆ ಅಂಕಿ ಹಾರಿದರೆ, ಪೂರ್ತಿ ಓಪನ್ ತೋರಿಸಿದರೆ, ಅಥವಾ ಒತ್ತಡ ಏರಿದರೂ ಕದಲದಿದ್ದರೆ ಬದಲಿಸಬೇಕು. ಎರಡು ಟರ್ಮಿನಲ್ ಇರುವ ಸೆಂಡರಿನಲ್ಲಿ ಒಂದು ಗೇಜಿಗೆ, ಇನ್ನೊಂದು ವಾರ್ನಿಂಗ್ ಲ್ಯಾಂಪಿಗೆ ಇರುವುದು ಸಾಮಾನ್ಯ. ವಿಡಿಒ ಸೆಂಡರುಗಳಲ್ಲಿ ಇವಕ್ಕೆ ಜಿ ಮತ್ತು ಡಬ್ಲ್ಯುಕೆ ಎಂಬ ಗುರುತು ಇರುತ್ತದೆ. ಸರ್ವಿಸ್ ವೇಳೆ ಈ ವೈರ್‌ಗಳು ಅದಲುಬದಲಾಗಿ, ಅಂದಿನಿಂದಲೇ ಗೇಜ್ ಕೆಟ್ಟಿತು ಎಂಬ ದೂರು ಬರುವುದುಂಟು. ಬಾಡಿಗೆ ಅರ್ಥ್ ಇಲ್ಲದೆ ಎರಡೂ ಟರ್ಮಿನಲ್‌ಗಳಿಂದಲೇ ಕೆಲಸ ಮಾಡುವ ಸೆಂಡರುಗಳೂ ಇವೆ. ಅವುಗಳಲ್ಲಿ ಅಳತೆ ಟರ್ಮಿನಲ್‌ಗಳ ನಡುವೆ ಆಗಬೇಕು.

ಸೆಂಡರ್ ಸರಿಯಿದ್ದರೆ ಗೇಜಿನ ಪರೀಕ್ಷೆ. ಸೆಂಡರಿನ ಜಾಗದಲ್ಲಿ ಗೊತ್ತಿರುವ ರೆಸಿಸ್ಟರ್ ಇಟ್ಟು ನೋಡುವುದು ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ವಿಧಾನ, ಏಕೆಂದರೆ ಅದರಿಂದ ಮುಳ್ಳು ಅಲುಗುತ್ತದೆಯೇ ಎಂಬುದಷ್ಟೇ ಅಲ್ಲ, ಸರಿಯಾದ ಜಾಗದಲ್ಲಿ ನಿಲ್ಲುತ್ತದೆಯೇ ಎಂಬುದೂ ತಿಳಿಯುತ್ತದೆ. 240-33 ಗುಂಪಿನ ಗೇಜಿನ ವೈರ್ ಮತ್ತು ಅರ್ಥ್ ನಡುವೆ 33 ಓಮ್ ಇಟ್ಟಾಗ ಮುಳ್ಳು ಗರಿಷ್ಠಕ್ಕೆ, 240 ಇಟ್ಟಾಗ ಸೊನ್ನೆಗೆ ಬರಬೇಕು. ಉಳಿದ ಗುಂಪುಗಳಿಗೂ ಅವುಗಳದೇ ಅಂಕಿಗಳಿಂದ ಹೀಗೆಯೇ ಪರೀಕ್ಷಿಸಬಹುದು. ಕಾಲು ವ್ಯಾಟಿನ ಸಣ್ಣ ರೆಸಿಸ್ಟರ್ ಕಾದು ಸುಡಬಹುದು, ಐದು ವ್ಯಾಟಿನದನ್ನು ಬಳಸಿ. ಬೈಮೆಟಲ್ ಗೇಜಿನ ವೈರನ್ನು ರೆಸಿಸ್ಟರ್ ಇಲ್ಲದೆ ನೇರವಾಗಿ ಅರ್ಥ್‌ಗೆ ಹಿಡಿದರೆ ಒಳಗಿನ ಸುರುಳಿ ಸುಟ್ಟುಹೋಗುವ ಅಪಾಯವಿದೆ. ಸೆಂಡರಿನ ತುದಿಯಲ್ಲಿ ಈ ಪರೀಕ್ಷೆ ವಿಫಲವಾಗಿ, ಗೇಜಿನ ಹಿಂಭಾಗದಲ್ಲೇ ಮಾಡಿದಾಗ ಸಫಲವಾದರೆ ದೋಷ ನಡುವಿನ ವೈರಿನಲ್ಲಿದೆ. ಎರಡೂ ಕಡೆ ವಿಫಲವಾದರೆ ಗೇಜಿಗೆ ಸಪ್ಲೈ ಬರುತ್ತಿದೆಯೇ, ಫ್ಯೂಸ್ ಸರಿಯಿದೆಯೇ, ಹಿಂಭಾಗದ ಪ್ರಿಂಟೆಡ್ ಸರ್ಕ್ಯೂಟ್ ಹಾಳೆಯ ಮೇಲಿನ ನಟ್‌ಗಳು ಬಿಗಿಯಾಗಿವೆಯೇ ಎಂದು ನೋಡಿದ ಮೇಲಷ್ಟೇ ಗೇಜನ್ನು ದೂಷಿಸಬೇಕು. ಮೀಟರ್ ಬೋರ್ಡ್ ಹೊರಗೆಳೆಯುವ ಮುನ್ನ ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದಿರಲಿ.

ಬೈಮೆಟಲ್ ಗೇಜ್‌ಗಳಿಗೆ ಸಪ್ಲೈ ಕೊಡುವ ಹಳೆಯ ವೋಲ್ಟೇಜ್ ರೆಗ್ಯುಲೇಟರ್ ಕರೆಂಟನ್ನು ಪದೇ ಪದೇ ಕಡಿದು ಜೋಡಿಸಿ, ಅಮೆರಿಕನ್ ಗಾಡಿಗಳಲ್ಲಿ ಸರಾಸರಿ ಸುಮಾರು 5 ವೋಲ್ಟ್, ಬ್ರಿಟಿಷ್ ಸ್ಮಿತ್ಸ್ ಗೇಜ್‌ಗಳಲ್ಲಿ ಸುಮಾರು 10 ವೋಲ್ಟ್ ಬರುವಂತೆ ಮಾಡುತ್ತದೆ. ಆದ್ದರಿಂದ ಅಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದರೆ ಮಿಣುಕುವುದೇ ಸರಿಯಾದ ಲಕ್ಷಣ. ಮಿಣುಕದೆ ಒಂದೇ ಸಮ ಪೂರ್ತಿ ಉರಿದರೆ ರೆಗ್ಯುಲೇಟರಿನ ಕಾಂಟ್ಯಾಕ್ಟ್ ಅಂಟಿಕೊಂಡಿದೆ, ಇಲ್ಲವೇ ಅದಕ್ಕೆ ಅರ್ಥ್ ಇಲ್ಲ. ಎಲ್ಲ ಗೇಜ್‌ಗಳೂ ಹೆಚ್ಚು ತೋರಿಸುವುದಕ್ಕೆ ಇದೇ ಕಾರಣ.

ಅರ್ಥ್ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ಅರ್ಥ್ ಪಟ್ಟಿ ಇರಲೇಬೇಕು. ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸದ ನಂತರ ಅದನ್ನು ಮತ್ತೆ ಹಾಕಲು ಮರೆತಿರುವುದು, ಅಥವಾ ಪೇಂಟ್ ಮೇಲೆಯೇ ಬೋಲ್ಟ್ ಬಿಗಿದಿರುವುದು ಸಾಮಾನ್ಯ. ಕೀ ಆನ್ ಮಾಡಿ, ಹೆಡ್‌ಲೈಟ್ ಹಾಕಿ, ಸೆಂಡರಿನ ಬಾಡಿ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಡಿಸಿ ವೋಲ್ಟೇಜ್ ಅಳೆದಾಗ 0.2 ವೋಲ್ಟಿಗಿಂತ ಹೆಚ್ಚು ಬಂದರೆ ಆ ದಾರಿಯ ಕೀಲುಗಳನ್ನು ಒಂದೊಂದಾಗಿ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಬಿಗಿಯಬೇಕು. ಸೆಂಡರಿನ ಥ್ರೆಡ್ ಸಹ ಅರ್ಥ್ ದಾರಿಯೇ ಆಗಿರುವುದರಿಂದ ಅದಕ್ಕೆ ಟೆಫ್ಲಾನ್ ಟೇಪನ್ನು ಪದರಪದರವಾಗಿ ಸುತ್ತುವುದು ಎರಡು ಬಗೆಯಲ್ಲಿ ಕೆಟ್ಟದ್ದು: ಸಂಪರ್ಕ ದುರ್ಬಲವಾಗುತ್ತದೆ, ಮತ್ತು ಟೇಪಿನ ಚೂರು ಆಯಿಲ್ ದಾರಿಗೆ ಸೇರಬಹುದು. ಮೊದಲ ಎರಡು ಸುತ್ತು ಬಿಟ್ಟು, ಉಳಿದ ಥ್ರೆಡ್‌ಗೆ ಲೇಪಿಸುವ ಸೀಲೆಂಟ್ ಸ್ವಲ್ಪ ಹಚ್ಚಿದರೆ ಸಾಕು.

ಹೊಸ ಸೆಂಡರ್ ಹಾಕುವಾಗ ಥ್ರೆಡ್ ಹೊಂದಿದರೆ ಸಾಲದು. ಓಮ್ ಶ್ರೇಣಿ, ಗರಿಷ್ಠ ಒತ್ತಡ ಮತ್ತು ಗಾಡಿಯ 12 ಅಥವಾ 24 ವೋಲ್ಟ್ ವ್ಯವಸ್ಥೆ ಮೂರೂ ಗೇಜಿಗೆ ಹೊಂದಬೇಕು. 80 ಪಿಎಸ್‌ಐ ಗೇಜಿಗೆ 150 ಪಿಎಸ್‌ಐ ಸೆಂಡರ್ ಕೂರಿಸಿದರೆ ಎಲ್ಲವೂ ಕೆಲಸ ಮಾಡುತ್ತಿರುವಂತೆ ಕಂಡರೂ ಮುಳ್ಳು ಸದಾ ಕಡಿಮೆಯೇ ತೋರಿಸುತ್ತದೆ. ಬಿಗಿಯುವಾಗ ಸ್ಪ್ಯಾನರನ್ನು ಸೆಂಡರಿನ ಷಟ್ಕೋನದ ಮೇಲೆ ಹಿಡಿಯಬೇಕು. ಡಬ್ಬಿಯ ಮೇಲೆ ಪ್ಲೈಯರ್ ಹಿಡಿದು ತಿರುಗಿಸಿದರೆ ಅಂಚು ಸಡಿಲಗೊಂಡು ಅಲ್ಲಿಂದಲೇ ಆಯಿಲ್ ಸೋರುತ್ತದೆ.

ಕೆಲಸ ಮುಗಿದ ಮೇಲೆ ಟೆಸ್ಟ್ ಗೇಜ್ ಟಿ-ಅಡಾಪ್ಟರಿನಲ್ಲಿ ಇರುವಾಗಲೇ ಎಂಜಿನ್ ಮತ್ತೆ ಕಾಯಿಸಿ, ಐಡಲ್, 1500 ಮತ್ತು 2000 ಆರ್‌ಪಿಎಂನಲ್ಲಿ ಎರಡೂ ಗೇಜ್‌ಗಳನ್ನು ಅಕ್ಕಪಕ್ಕ ಓದಿ. ಹಳೆಯ ಗೇಜ್ ಕೆಲವು ಪಿಎಸ್‌ಐ ಆಚೀಚೆ ಇದ್ದರೆ ಅಡ್ಡಿಯಿಲ್ಲ, ಆದರೆ ಮೂರೂ ಕಡೆ ವ್ಯತ್ಯಾಸ ಒಂದೇ ದಿಕ್ಕಿಗೆ ಇರಬೇಕು. ಕಾದ ಐಡಲ್‌ನಲ್ಲಿ ಮುಳ್ಳು ನಿಲ್ಲುವ ಜಾಗಕ್ಕೆ ಗಾಜಿನ ಮೇಲೆ ಸಣ್ಣ ಗುರುತು ಹಾಕಿ, ಟೆಸ್ಟ್ ಗೇಜಿನ ಅಂಕಿ, ದಿನಾಂಕ ಮತ್ತು ಆಯಿಲ್‌ನ ಗ್ರೇಡನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಬಳಿಕ ಟಿ-ಅಡಾಪ್ಟರನ್ನು ಅಲ್ಲೇ ಬಿಡದೆ ಬಿಚ್ಚಿ, ಸೆಂಡರನ್ನು ನೇರವಾಗಿ ಬ್ಲಾಕಿಗೆ ಕೂರಿಸಬೇಕು. ಭಾರದ ಸೆಂಡರ್ ತೂಗುತ್ತಿರುವ ಹಿತ್ತಾಳೆಯ ಟಿ ಎಂಜಿನ್ನಿನ ಅದುರಾಟಕ್ಕೆ ಬಿರುಕುಬಿಟ್ಟರೆ ಸಂಪಿನಲ್ಲಿರುವ ಆಯಿಲ್ ಎಲ್ಲ ದಾರಿಯಲ್ಲೇ ಸುರಿದುಹೋಗುತ್ತದೆ.